ಎಂಟು ಬತ್ತಿ, ಒಂದು ಕತ್ತೆ: ಹನುಕ್ಕಾ ಪ್ರಾಸದ ಪುಸ್ತಕ ಕಟ್ಟಿದ ಬಗೆ

ಹನುಕ್ಕಾ ಅಂದರೆ ಯಹೂದಿಗಳ ಎಂಟು ರಾತ್ರಿಯ ದೀಪದ ಹಬ್ಬ, ರಾತ್ರಿಗೊಂದು ಬತ್ತಿ ಏರಿಸುತ್ತಾ ಹೋಗುತ್ತಾರೆ. ಅದಕ್ಕೆ ಅಂತ ಮಾಡಿದ್ದು ಈ 20 ಸೆಂಟಿಮೀಟರ್ ಚೌಕದ ರಟ್ಟಿನ ಪುಸ್ತಕ. ಒಳಗೆ ಎಂಟು ಹಾಳೆ. ಒಂದೊಂದು ಹಾಳೆ ತಿರುಗಿಸಿದಾಗಲೂ ಮೇಲ್ಗಡೆ ಒಂದೊಂದು ಮೇಣದ ಬತ್ತಿ ಹೊತ್ತಿಕೊಳ್ಳುತ್ತದೆ. ಕೆಳಗಡೆ ಒಂದು ಕತ್ತೆ ಎಂಟು ರಾತ್ರಿಯೂ ಏನಾದರೊಂದು ಎಡವಟ್ಟು ಮಾಡುತ್ತಿರುತ್ತದೆ. ಇದನ್ನು ಹೇಗೆ ಕಟ್ಟಿದೆ ಅಂತ ಬರೆದಿಡುತ್ತಿದ್ದೇನೆ. ಮಕ್ಕಳಿಗೆ ಕೈಯಾರೆ ಪುಸ್ತಕ ಮಾಡಿಕೊಡಬೇಕು ಅಂದುಕೊಂಡವರಿಗೆ ಅಳತೆಗಳಾದರೂ ಉಪಯೋಗಕ್ಕೆ ಬಂದಾವು.

ಪುಸ್ತಕ ಯಾರಿಗೆ ಅನ್ನುವುದನ್ನು ಮೊದಲು ಹೇಳಬೇಕು. ನನ್ನ ತಮ್ಮನ ಹೆಂಡತಿ ಯಹೂದಿ. ಅವರ ಇಬ್ಬರು ಮಕ್ಕಳೂ ನ್ಯೂಜೆರ್ಸಿಯಲ್ಲಿ ಯಹೂದಿ ಮಕ್ಕಳಾಗಿಯೇ ಬೆಳೆಯುತ್ತಿದ್ದಾರೆ. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಎರಡು. ಅಮ್ಮನ ಜೊತೆ ಇಂಗ್ಲಿಷ್, ಅಪ್ಪನ ಜೊತೆ ಕನ್ನಡ. ತಾಯಿ ಕಡೆಯ ಅಜ್ಜಿಯನ್ನು ಬಬ್ಬಿ ಅಂತ ಕರೆಯುತ್ತಾರೆ. ಬಬ್ಬಿ ಇರುವುದು ರಾರಿಟನ್ ನದಿ ಪಕ್ಕದ ಹೈಲ್ಯಾಂಡ್ ಪಾರ್ಕಿನಲ್ಲಿ. ಶಬ್ಬಾತ್ ಅನ್ನು, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿ ದಿನವನ್ನು, ಕಟ್ಟುನಿಟ್ಟಾಗಿ ಪಾಲಿಸುವ ಮನೆ ಅದು.

ಮಕ್ಕಳ ಕಪಾಟಿನಲ್ಲಿ ಯಹೂದಿ ಕತೆಪುಸ್ತಕಗಳಿಗೇನೂ ಬರ ಇಲ್ಲ. ಹೆರಾಲ್ಡ್ ಗ್ರಿನ್‌ಸ್ಪೂನ್ 2005ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಪಿಜೆ ಲೈಬ್ರರಿ ಅಂತ ಒಂದು ವ್ಯವಸ್ಥೆ ಇದೆ. ತಿಂಗಳು ತಿಂಗಳು ಮನೆ ಬಾಗಿಲಿಗೇ ಪುಸ್ತಕ ಬರುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಅದರಲ್ಲಿ ತಮಾಷೆ ಪ್ರಾಸದವೂ ಇರುತ್ತವೆ. ಆದರೆ ರಾತ್ರಿ ಅಪ್ಪನ ತೊಡೆ ಮೇಲೆ ಕೂತು ಹನುಕ್ಕಾ ಪದ್ಯ ಹೇಳಿಸಿಕೊಳ್ಳಬೇಕು ಅಂದರೆ ಕನ್ನಡದಲ್ಲಿ ಒಂದೂ ಇರಲಿಲ್ಲ. ಅದಕ್ಕೇ ಕೈ ಹಾಕಿದ್ದು.

ಪದ್ಯ ಮೊದಲು

ಚಿತ್ರಕ್ಕಿಂತ ಮುಂಚೆ ಪದ್ಯ ಕೂರಬೇಕು. ನಾಲ್ಕು ವರ್ಷದ ಮಗು ಚಪ್ಪಾಳೆ ತಟ್ಟಿ ಹೇಳುವಂತಿರಬೇಕು. ಅದಕ್ಕೆ ಮೂರು ಮೂರು ಮಾತ್ರೆಯ ನಡೆ ಹಿಡಿದೆ, ಸಾಲಿಗೆ ನಾಲ್ಕು ಗಣ. ಕೊನೆಯಲ್ಲಿ ಪ್ರಾಸ ಇದ್ದೇ ಇರಬೇಕು. ಎರಡನೇ ಅಕ್ಷರದಲ್ಲೂ ಸಿಕ್ಕರೆ ಬಿಡಲಿಲ್ಲ. ನಮ್ಮ ಹಳೇ ಪದ್ಯಗಳ ಆ ಆದಿಪ್ರಾಸ ಮಕ್ಕಳ ಬಾಯಿಗೆ ಎಷ್ಟು ಚೆನ್ನಾಗಿ ಹತ್ತುತ್ತದೆ ಅನ್ನುವುದು ಜೋರಾಗಿ ಓದಿ ನೋಡಿದರೆ ಗೊತ್ತಾಗುತ್ತದೆ. ಬತ್ತಿ ಇದೆ, ಸುತ್ತುವ ಬುಗುರಿ ಇದೆ. ಹಾಗಾಗಿ ಕತೆಗೆ ಕತ್ತೆಯೇ ಬರಬೇಕಾಯಿತು.

ಕತ್ತೆಗೆ ಯಹೂದಿಗಳ ಧರ್ಮಗ್ರಂಥ ತೋರಾದಲ್ಲೇ ಒಳ್ಳೇ ಜಾಗ ಇದೆ ಅಂತ ಬಬ್ಬಿ ಹೇಳಿದರು. ಬಿಳಾಮನ ಕತ್ತೆ. ದಾರಿಗೆ ಅಡ್ಡ ನಿಂತ ದೇವದೂತ ಬಿಳಾಮನ ಕಣ್ಣಿಗೆ ಬೀಳಲಿಲ್ಲ, ಕತ್ತೆಯ ಕಣ್ಣಿಗೆ ಬಿದ್ದ. ಮೂರು ಸಲ ಏಟು ತಿಂದ ಮೇಲೆ ಅದು ಬಾಯಿ ಬಿಟ್ಟು ಮಾತಾಡಿತು. ಅಂಥ ವಂಶದ ಕತ್ತೆ ಮಾತಾಡಿದರೆ ಆ ಮಕ್ಕಳಿಗೆ ಆಶ್ಚರ್ಯವೇನೂ ಆಗುವುದಿಲ್ಲ. ಮೊದಲ ರಾತ್ರಿಯ ಹಾಳೆ ಹೀಗೆ ಶುರುವಾಗುತ್ತದೆ:

ಕತ್ತೆ ಬಂತು, ಕತ್ತು ಎತ್ತಿ,
"ಎತ್ತ ಹೋಯ್ತು ಎಂಟು ಬತ್ತಿ?"
"ಇಂದು ಒಂದು, ನಾಳೆ ಎರಡು,
ಬಂದು ಕೂರು, ಗಡಿಬಿಡಿ ಬಿಡು!"

ಉತ್ತರ ಕೊಡುವವಳು ಪುಸ್ತಕದ ಪುಟ್ಟಿ. ಕತ್ತೆಗೆ ಎಂಟೂ ಬತ್ತಿ ಈಗಲೇ ಬೇಕು. ಪುಟ್ಟಿ ದಿನಕ್ಕೊಂದೇ ಕೊಡುತ್ತಾಳೆ. ಕತೆ ಇಷ್ಟೇ. ಮಕ್ಕಳು ನಗುವುದು ಕತ್ತೆಯದು ತಪ್ಪು ಅಂತ ಅವರಿಗೆ ಮೊದಲೇ ಗೊತ್ತಿರುವುದರಿಂದ. ಹನುಕ್ಕಾ ಮನೆಯ ನಾಲ್ಕು ವರ್ಷದ ಮಗುವಿಗೆ ಯಾವ ರಾತ್ರಿ ಎಷ್ಟು ಬತ್ತಿ ಅನ್ನುವುದು ಬಾಯಿಪಾಠ. ಹಾಗಾಗಿ ಪುಸ್ತಕದಲ್ಲಿ ಕತ್ತೆಯನ್ನು ಬಿಟ್ಟು ಮಿಕ್ಕಿದ್ದೆಲ್ಲ ಕರಾರುವಾಕ್ಕಾಗಿ ಇರಬೇಕು. ಬತ್ತಿಯ ಲೆಕ್ಕ ಒಂದು ಕಡೆ ಏರುಪೇರಾದರೆ ಸಾಕು, ಮಗು ಕತ್ತೆಯನ್ನು ಬಿಟ್ಟು ಪುಸ್ತಕವನ್ನೇ ತಿದ್ದುತ್ತಾ ಕೂರುತ್ತದೆ.

ಮೂರನೇ ರಾತ್ರಿ ಆಲೂಗಡ್ಡೆ ಲಟ್ಕೆ. ಒಂದು ದಿನದ ಎಣ್ಣೆ ಎಂಟು ದಿನ ಉರಿದ ಪವಾಡದ ಹಬ್ಬ, ಹಾಗಾಗಿ ಎಣ್ಣೆಯಲ್ಲಿ ಕರಿದ ತಿಂಡಿ.

ಲಟ್ಕೆ ಎಂಟು ಒಟ್ಗೆ ತಿಂತು,
ಹೊಟ್ಟೆ ಮೊದಲು ಮನೆಗೆ ಬಂತು!

ಐದನೇ ರಾತ್ರಿ ಬುಗುರಿ, ಅಂದರೆ ಡ್ರೈಡಲ್:

ಸುತ್ತಿ ಸುತ್ತಿ ಬುಗುರಿ ಬಿತ್ತು,
ಕತ್ತೆ ಮಾತ್ರ ಸುತ್ತುತಿತ್ತು!

ಚಿಕ್ಕವನು ಈ ಹಾಳೆಗೆ ಎದ್ದು ನಿಂತು ತಾನೂ ಸುತ್ತಿ ಬೀಳುತ್ತಾನೆ.

ಕತ್ತೆ ಸೀನಿ ಬತ್ತಿ ಆರಿಸುವ ಒಂದು ಪದ್ಯವೂ ಇತ್ತು. ತಮ್ಮನ ಹೆಂಡತಿ ಓದಿ, ಇದು ಬೇಡ ಅಂದಳು. ಹನುಕ್ಕಾ ಬತ್ತಿಯನ್ನು ಊದಿ ಆರಿಸುವ ಪದ್ಧತಿ ಅವರಲ್ಲಿ ಇಲ್ಲ. ಅದು ತಾನಾಗೇ ಉರಿದು ಮುಗಿಯಬೇಕು. ನಮ್ಮಲ್ಲೂ ದೇವರ ದೀಪಕ್ಕೆ ಯಾರೂ ಬಾಯಿಂದ ಊದುವುದಿಲ್ಲ ಅಲ್ವಾ? ಆ ಪದ್ಯ ಹೋಯಿತು. ಹಾಗೆಯೇ ಪುಟ್ಟಿ ಬತ್ತಿಯ ಬೆಳಕಲ್ಲಿ ಪುಸ್ತಕ ಓದುವ ಚಿತ್ರ ಯೋಚನೆಯಲ್ಲೇ ಬದಲಾಯಿತು. ಆ ಎಂಟು ಬತ್ತಿಯ ಬೆಳಕನ್ನು ಯಾವ ಕೆಲಸಕ್ಕೂ ಬಳಸಬಾರದು, ಸುಮ್ನೆ ನೋಡಬೇಕು ಅಷ್ಟೆ. ಮಿಕ್ಕ ಬತ್ತಿಗಳನ್ನು ಹೊತ್ತಿಸಲು ಶಮಾಶ್ ಅನ್ನುವ ಒಂಬತ್ತನೇ ಬತ್ತಿ ಬೇರೆಯೇ ಇರುತ್ತದೆ. ಚಿತ್ರದಲ್ಲಿ ಪುಟ್ಟಿಯ ತಲೆ ಮೇಲೆ ಒಂದು ವಿದ್ಯುತ್ ದೀಪ ತೂಗುಹಾಕಿದೆ. ಊಟದ ಮೇಜಿನ ಮೇಲೆ ಲಟ್ಕೆ ಪಕ್ಕ ಹುಳಿ ಕೆನೆ ಇಟ್ಟಿರುವುದರಿಂದ ಅಲ್ಲಿ ಕೋಳಿ ಕಾಣಬಾರದು. ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಬರುವಂತಿಲ್ಲ.

ಶಬ್ಬಾತ್‌ಗೆ ಅಂತ ಬೇರೆ ಹಾಳೆ ಮಾಡಲಿಲ್ಲ. ಎಂಟು ದಿನದ ಹಬ್ಬದಲ್ಲಿ ಒಂದು ಶಬ್ಬಾತ್ ಬಂದೇ ಬರುತ್ತದೆ, ಆದರೆ ಯಾವ ರಾತ್ರಿಗೆ ಅನ್ನುವುದು ವರ್ಷಾ ವರ್ಷಾ ಬದಲು. 2024ರಲ್ಲಿ ಹಬ್ಬ ಶುರುವಾದದ್ದು ಡಿಸೆಂಬರ್ 25ರ ಬುಧವಾರ ಸಂಜೆ, ಶುಕ್ರವಾರ ಬಂದದ್ದು ಮೂರನೇ ರಾತ್ರಿಗೆ. 2025ರಲ್ಲಿ ಡಿಸೆಂಬರ್ 14ರ ಭಾನುವಾರ ಸಂಜೆ ಶುರು, ಶುಕ್ರವಾರ ಆರನೇ ರಾತ್ರಿ.

ಮೆಟ್ಟಿಲು ಕತ್ತರಿಸಿದ ಹಾಳೆಗಳು

ಈಗ ನನಗೆ ತುಂಬಾ ಖುಷಿ ಕೊಟ್ಟ ಭಾಗ. ಹನುಕ್ಕಿಯಾ ಅಂದರೆ ಹನುಕ್ಕಾದ ಒಂಬತ್ತು ಬತ್ತಿಯ ದೀಪಕಂಬ. ಅದರಲ್ಲಿ ಬತ್ತಿಗಳನ್ನು ಬಲದಿಂದ ಎಡಕ್ಕೆ ಜೋಡಿಸುತ್ತಾರೆ. ಮೊದಲ ರಾತ್ರಿಯದು ಬಲತುದಿಯಲ್ಲಿ, ಎರಡನೇ ರಾತ್ರಿಯದು ಅದರ ಎಡಕ್ಕೆ, ಹೀಗೆ. ಹೊತ್ತಿಸುವಾಗ ಮಾತ್ರ ಅವತ್ತಿನ ಹೊಸ ಬತ್ತಿಯಿಂದ ಶುರು, ಅಂದರೆ ಎಡದಿಂದ ಬಲಕ್ಕೆ. ಎಂಟು ರಾತ್ರಿಗೆ ಶಮಾಶ್ ಸೇರಿ 44 ಬತ್ತಿ ಬೇಕು. ಅಂಗಡಿಯ ಡಬ್ಬಿಯಲ್ಲೂ ಸರಿಯಾಗಿ 44 ಇರುತ್ತವೆ.

ಕನ್ನಡ ಪುಸ್ತಕಕ್ಕೆ ಹೊಲಿಗೆ, ಅಂದರೆ ಹಾಳೆಗಳು ಕೂಡುವ ಬದಿ, ಎಡಗಡೆ. ಹಾಳೆ ಬಲದಿಂದ ಎಡಕ್ಕೆ ಮಗುಚುತ್ತದೆ. ಹಾಳೆಗಳ ಮೇಲಿನ ಬಲಮೂಲೆಯನ್ನು ಮೆಟ್ಟಿಲಿನಂತೆ ಕತ್ತರಿಸಿ, ಎಲ್ಲ ಜ್ವಾಲೆಗಳನ್ನೂ ಕೊನೆಯ ರಟ್ಟಿನ ಮೇಲೆ ಒಮ್ಮೆ ಮಾತ್ರ ಬರೆದರೆ, ಪ್ರತಿ ಹಾಳೆ ತಿರುಗಿದಾಗಲೂ ಬಲದಿಂದ ಎಡಕ್ಕೆ ಒಂದೊಂದೇ ಜ್ವಾಲೆ ಹೊರಬರುತ್ತದೆ. ಹನುಕ್ಕಿಯಾದ ಕ್ರಮವೂ ಕನ್ನಡ ಹಾಳೆ ಮಗುಚುವ ದಿಕ್ಕೂ ಹೀಗೆ ಒಂದಕ್ಕೊಂದು ಕೂಡಿಕೊಂಡವು. ಬತ್ತಿಯ ಲೆಕ್ಕ ಏರುಪೇರಾಗುವುದಕ್ಕೆ ಅವಕಾಶವೇ ಇಲ್ಲ, ಹಾಳೆಯೇ ಲೆಕ್ಕ ಇಡುತ್ತದೆ.

ಅಳತೆ ಹೀಗಿದೆ. ಜ್ವಾಲೆಗಳ ಪಟ್ಟಿ ಮೇಲಿನ 6 ಸೆಂ.ಮೀ. ಒಂದು ಬತ್ತಿಗೆ 18 ಮಿ.ಮೀ. ಅಗಲ. ಶಮಾಶ್ ಬಲತುದಿಯಲ್ಲಿ, ಮಿಕ್ಕವಕ್ಕಿಂತ ಸ್ವಲ್ಪ ಎತ್ತರದಲ್ಲಿ. ಎಂಟು ಬತ್ತಿಗಳು ಒಂದೇ ಮಟ್ಟದಲ್ಲಿ ನೇರ ಸಾಲಾಗಿ ಇರಬೇಕು, ಶಮಾಶ್ ಎದ್ದು ಕಾಣಬೇಕು. ಮೇಲು ರಟ್ಟಿನ ಮೂಲೆಯಲ್ಲಿ 18 ಮಿ.ಮೀ. ಕಿಂಡಿ, ಅಂದರೆ ಪುಸ್ತಕ ಮುಚ್ಚಿದ್ದಾಗಲೂ ಶಮಾಶ್ ಉರಿಯುತ್ತಿರುತ್ತದೆ. ಮೊದಲ ಹಾಳೆಗೆ 36 ಮಿ.ಮೀ., ಎರಡನೆಯದಕ್ಕೆ 54, ಹೀಗೆ ಎಂಟನೆಯದಕ್ಕೆ 162. ಆ ಕೊನೇ ಹಾಳೆಯಲ್ಲಿ ಹೊಲಿಗೆ ಪಕ್ಕ 38 ಮಿ.ಮೀ. ಅಗಲದ ತುಂಡು ಮಾತ್ರ ಮೇಲೆ ನಿಲ್ಲುತ್ತದೆ. 18 ಅನ್ನುವ ಸಂಖ್ಯೆ ನೋಡಿ ಬಬ್ಬಿ ಮುಖ ಅರಳಿತು. ಹೀಬ್ರೂ ಲೆಕ್ಕದಲ್ಲಿ ಅದು ಬದುಕಿನ ಸಂಖ್ಯೆ, ಉಡುಗೊರೆ ದುಡ್ಡನ್ನೂ 18, 36 ಅಂತಲೇ ಕೊಡುತ್ತಾರೆ. ಕಾಗದದ ಅಗಲದಿಂದ ತಾನಾಗಿ ಬಂದ ಅಳತೆ ಅದು.

ತಿರುಗಿದ ಹಾಳೆಗಳು ಎಡಗಡೆ ಬಿದ್ದಾಗ ಅಲ್ಲೂ ಮೆಟ್ಟಿಲು ಕಾಣುತ್ತದೆ. ಆ ಜಾಗ ಖಾಲಿ ಬಿಡಲು ಮನಸ್ಸಾಗಲಿಲ್ಲ. ಪ್ರತಿ ಹಾಳೆಯ ಹಿಂದೆ ಬೀದಿಯ ಒಂದೊಂದು ಮನೆ ಬರೆದೆ, ಕಿಟಕಿಯಲ್ಲಿ ಹನುಕ್ಕಿಯಾ. ಪವಾಡ ದಾರಿಹೋಕರಿಗೂ ಕಾಣಲಿ ಅಂತ ಕಿಟಕಿಯಲ್ಲಿಡುವ ಪದ್ಧತಿ ಇದೆ. ಇಲ್ಲೊಂದು ಸೂಕ್ಷ್ಮ ಇದೆ. ಜೋಡಿಸುವ ಕ್ರಮ ಮನೆಯೊಳಗೆ ನಿಂತವರ ಬಲದಿಂದ. ಬೀದಿಯಿಂದ ನೋಡಿದರೆ ಅದು ತಿರುಗುಮುರುಗು. ಹಾಗಾಗಿ ಆ ಮನೆಗಳ ಕಿಟಕಿಗಳಲ್ಲಿ ಮಾತ್ರ ಬತ್ತಿಗಳು ಎಡದಿಂದ ತುಂಬುತ್ತವೆ.

ರಟ್ಟು, ಕಾಗದ, ಅಂಟು

1 ಮಿ.ಮೀ. ದಪ್ಪದ ರಟ್ಟು ಆರಿಸಿದೆ. ಮಕ್ಕಳ ಪುಸ್ತಕಕ್ಕೆ 2 ಮಿ.ಮೀ. ಇನ್ನೂ ಗಟ್ಟಿ, ನಿಜ. ಆದರೆ ಮೊದಲ ಹಾಳೆಯ ಕಿಂಡಿಯಿಂದ ಹಿಂದಿನ ರಟ್ಟಿನವರೆಗೆ ಏಳು ಹಾಳೆ ಆಳ. ದಪ್ಪ ಜಾಸ್ತಿ ಆದಷ್ಟೂ ಜ್ವಾಲೆ ಬಾವಿಯ ತಳದಲ್ಲಿ ಕೂತಂತಾಗುತ್ತದೆ, ಓರೆಯಿಂದ ನೋಡುವ ಮಗುವಿಗೆ ಕಾಣುವುದಿಲ್ಲ. 1 ಮಿ.ಮೀ. ರಟ್ಟು, ಎರಡೂ ಕಡೆ ಕಾಗದ, ಎಲ್ಲ ಸೇರಿ ಆಳ 1 ಸೆಂಟಿಮೀಟರ್ ಆಸುಪಾಸು. ಅಷ್ಟಿದ್ದರೆ ಕಾಣುತ್ತದೆ.

ಆ ಆಳಕ್ಕೂ ಒಂದು ಉಪಾಯ ಮಾಡಿದೆ. ಪ್ರತಿ ಹಾಳೆಯ ಕತ್ತರಿಸಿದ ಅಂಚಿಗೆ ಗಾಢ ಹಳದಿ ಗೌಶ್ (ನೀರಿನಲ್ಲಿ ಕಲಸುವ ದಟ್ಟ ಬಣ್ಣ) ಬಳಿದೆ, ಹೊಲಿಗೆ ಕಡೆಯ ಅಂಚಿಗೆ ಸ್ವಲ್ಪ ಕಿತ್ತಳೆ ಸೇರಿಸಿ. ಕಿಂಡಿಯ ಎರಡೂ ಗೋಡೆ ಹಳದಿ. ಬೆಳಕು ಬಿದ್ದರೆ ಆ ಹಳದಿ ಹಿಂದಿನ ರಟ್ಟಿನ ಮೇಲೆ ಪ್ರತಿಫಲಿಸಿ ಜ್ವಾಲೆಯ ಸುತ್ತ ಮೆಲ್ಲಗೆ ಹರಡುತ್ತದೆ. ಬಣ್ಣ ಒಂದು ಪುಟಾಣಿ ಟ್ಯೂಬ್‌ನಷ್ಟೂ ಖರ್ಚಾಗಲಿಲ್ಲ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಬೆಲೆಬಾಳುವ ಕೆಲಸ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಬ್ಯಾಟರಿ ಹಾಕಿ ಪುಟ್ಟ ಎಲ್‌ಇಡಿ ಇಡಬಹುದಲ್ಲ ಅಂತ ತಮ್ಮ ಕೇಳಿದ. ಅದಕ್ಕೆ ಎರಡು ಅಡ್ಡಿ. ಶಬ್ಬಾತ್ ದಿನ ವಿದ್ಯುತ್ ಸ್ವಿಚ್ ಒತ್ತುವಂತಿಲ್ಲ, ಅಂದರೆ ಅವತ್ತು ಪುಸ್ತಕವೇ ಮೂಲೆಗೆ. ಆದರೆ ಟಿವಿ, ಫೋನ್ ಯಾವುದೂ ಇಲ್ಲದ ಆ ದಿನವೇ ಮಕ್ಕಳು ಪುಸ್ತಕ ಜಾಸ್ತಿ ಹಿಡಿಯುವುದು. ಇನ್ನು ಗುಂಡಿ ಬ್ಯಾಟರಿ ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಬಟ್ಟೆಯ ಜ್ವಾಲೆ ಮಾಡಿ ಅಂಟಿಸಿ ಕೀಳುವಂತೆ ಮಾಡುವುದೂ ಬೇಡವಾಯಿತು. ಅಮೆರಿಕದ ನಿಯಮದ ಪ್ರಕಾರ ಮೂರು ವರ್ಷದ ಒಳಗಿನವರ ಆಟಿಕೆಯಲ್ಲಿ 31.7 ಮಿ.ಮೀ. ವ್ಯಾಸದ ಪರೀಕ್ಷೆ ಕೊಳವೆಯೊಳಗೆ ಪೂರ್ತಿ ಇಳಿಯುವ ಬಿಡಿ ತುಂಡು ಇರಬಾರದು. ನಾನು ಮನೆಯಲ್ಲಿ ಮಾಡುವವನು, ನನ್ನನ್ನು ಯಾರೂ ಕೇಳುವುದಿಲ್ಲ. ಆದರೂ ಎರಡು ವರ್ಷದವನು ಇರುವ ಮನೆಗೆ ಕೊಡುವಾಗ ಆ ಅಳತೆ ನನಗೂ ಅನ್ವಯಿಸುತ್ತದೆ.

ಚಿತ್ರಗಳನ್ನು ಗೌಶ್‌ನಲ್ಲಿ ಬರೆದು ಸ್ಕ್ಯಾನ್ ಮಾಡಿ ಲೇಸರ್ ಪ್ರಿಂಟ್ ತೆಗೆಸಿದೆ. ಇಂಕ್‌ಜೆಟ್ ಆದರೆ ಬಣ್ಣ ಎಂಜಲಿಗೇ ಕರಗಬಹುದು. ಕಾಗದ ಅಮೆರಿಕದಲ್ಲಿ ಸಿಗುವ 11 ಇಂಟು 17 ಇಂಚಿನದು. ಒಂದು ಹಾಳೆಯ ಬೆನ್ನು ಮತ್ತು ಮುಂದಿನ ಹಾಳೆಯ ಮುಖ, ಎರಡೂ ಒಂದೇ ಕಾಗದದಲ್ಲಿ ಬರುತ್ತವೆ, ನಡುವಿನ ಮಡಿಕೆಯೇ ಕೀಲು. ಕೊಳ್ಳುವಾಗ ನಾರಿನ ದಿಕ್ಕು ನೋಡಲೇಬೇಕು. ಈ ಅಳತೆಯ ಕಾಗದ ಸಾಮಾನ್ಯವಾಗಿ ಉದ್ದಕ್ಕೆ ನಾರಿರುವಂಥದ್ದು. ನಮಗೆ ಬೇಕಾದದ್ದು ಅಡ್ಡ ನಾರಿನದು, ನಾರು ಮಡಿಕೆಗೆ ಸಮಾನಾಂತರ ಇರಬೇಕು. ಇಲ್ಲದಿದ್ದರೆ ಮಡಿಕೆ ಬೇಗ ಬಿರುಕು ಬಿಡುತ್ತದೆ. ಒಂದು ತುಂಡಿಗೆ ನೀರು ಸವರಿದರೆ ಅದು ಸುರುಳಿಯಾಗುತ್ತದೆ, ಆ ಸುರುಳಿಯ ಕೊಳವೆ ಯಾವ ದಿಕ್ಕಿಗೋ ನಾರೂ ಅದೇ ದಿಕ್ಕಿಗೆ. ರಟ್ಟಿನ ನಾರೂ ಹಾಗೆಯೇ ಮೇಲಿಂದ ಕೆಳಕ್ಕೆ.

ಅಂಟು ಪುಸ್ತಕ ಕಟ್ಟುವವರ ಪಿವಿಎ, ನಮ್ಮ ಫೆವಿಕಾಲ್ ಜಾತಿಯದೇ, ಒಣಗಿದ ಮೇಲೂ ಬಳುಕುತ್ತದೆ. ಮೈದಾ ಅಂಟಿನಲ್ಲಿ ನೀರು ಜಾಸ್ತಿ. ನೀರು ಕುಡಿದ ಕಾಗದ ಹಿಗ್ಗಿ, ಒಣಗುವಾಗ ಕುಗ್ಗಿ ತೆಳು ರಟ್ಟನ್ನು ಬಿಲ್ಲಿನಂತೆ ಎಳೆದುಬಿಡುತ್ತದೆ. ಕೀಲಿನ ಜಾಗಕ್ಕೆ ಮೊದಲು 3 ಸೆಂ.ಮೀ. ಅಗಲದ ತೆಳು ಹತ್ತಿ ಬಟ್ಟೆಯ ಪಟ್ಟಿ, ಅದರ ಮೇಲೆ ಕಾಗದ. ಎರಡು ರಟ್ಟಿನ ನಡುವೆ 2 ಮಿ.ಮೀ. ಸಂದು. ಪ್ರತಿ ಜೋಡಿ ಅಂಟಿಸಿದ ಮೇಲೆ ಮೇಣದ ಕಾಗದ ಇಟ್ಟು, ಎರಡು ಹಲಗೆ ನಡುವೆ ಒತ್ತಿ, ಮೇಲೆ ಇಟ್ಟಿಗೆ ಹೇರಿ ರಾತ್ರಿಯಿಡೀ ಬಿಟ್ಟೆ.

ಕಿಂಡಿಗಳನ್ನು ರಟ್ಟಿನಲ್ಲಿ ಮೊದಲೇ ಕತ್ತರಿಸಿಕೊಂಡೆ. ಒಳಮೂಲೆಯಲ್ಲಿ ಮೊದಲು 6 ಮಿ.ಮೀ. ತೂತು ಹೊಡೆದು, ಬ್ಲೇಡನ್ನು ಆ ತೂತಿನವರೆಗೆ ಎಳೆದು ನಿಲ್ಲಿಸಬೇಕು. ಚೂಪು ಮೂಲೆ ಇದ್ದರೆ ಮಗು ಎಳೆದಾಗ ರಟ್ಟು ಅಲ್ಲಿಂದಲೇ ಸೀಳುತ್ತದೆ, ದುಂಡು ಮೂಲೆ ತಡೆಯುತ್ತದೆ. ಕಾಗದ ಅಂಟಿ ಒಣಗಿದ ಮೇಲೆ ರಟ್ಟಿನ ಅಂಚನ್ನೇ ಅಳತೆಪಟ್ಟಿ ಮಾಡಿಕೊಂಡು ಹಿಂದಿನಿಂದ ಕಾಗದ ಕತ್ತರಿಸಿದರೆ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಹೊರಮೂಲೆಗಳಿಗೆ 10 ಮಿ.ಮೀ. ದುಂಡು. ಕೊನೆಗೆ ನೀರಿನ ವಾರ್ನಿಷ್ ಎರಡು ಪದರ, ಚೆನ್ನಾಗಿ ಒಣಗಿದ ಮೇಲೆ ಜೇನುಮೇಣ ತಿಕ್ಕಿದ್ದು. ಮೇಣ ಇಲ್ಲದಿದ್ದರೆ ವಾರ್ನಿಷ್ ಹಾಳೆಗಳು ಬೇಸಿಗೆಯಲ್ಲಿ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ.

ಬರೆಯದೆ ಬಿಟ್ಟದ್ದು

ಬತ್ತಿ ಹೊತ್ತಿಸುವಾಗ ಹೇಳುವ ಪ್ರಾರ್ಥನೆಯನ್ನು ಕೊನೆಯ ರಟ್ಟಿನ ಮೇಲೆ ಹೀಬ್ರೂನಲ್ಲಿ ಹಾಕೋಣ ಅನ್ನುವ ಮಾತು ಬಂತು. ಬಬ್ಬಿ ಬೇಡ ಅಂದರು, ಕಾರಣವನ್ನೂ ಹೇಳಿದರು. ಆ ಸಾಲಿನಲ್ಲಿ ದೇವರ ಹೆಸರಿದೆ. ದೇವರ ಹೆಸರಿರುವ ಹಾಳೆಯನ್ನು ನೆಲದ ಮೇಲೆ ಇಡುವಂತಿಲ್ಲ, ಹಳತಾಯಿತು ಅಂತ ಕಸಕ್ಕೆ ಹಾಕುವಂತಿಲ್ಲ. ಗೆನಿಜಾ ಅನ್ನುವ ಜಾಗದಲ್ಲಿ ಕೂಡಿಟ್ಟು ಆಮೇಲೆ ಹೂಳುತ್ತಾರೆ. ಎರಡು ವರ್ಷದವನು ಕಚ್ಚುವ, ಎಸೆಯುವ, ಮೇಲೆ ಹತ್ತಿ ಕೂರುವ ಪುಸ್ತಕಕ್ಕೆ ಆ ಹೊರೆ ಬೇಡ.

ಗೆನಿಜಾ ಅಂದಾಗ ನೆನಪಾಯಿತು. ಕೈರೋದ ಬೆನ್ ಎಜ್ರಾ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ಗೆನಿಜಾದಿಂದ ವಿದ್ವಾಂಸ ಸಾಲಮನ್ ಶೆಕ್ಟರ್ 1897ರಲ್ಲಿ ಕೇಂಬ್ರಿಡ್ಜ್‌ಗೆ ಸಾಗಿಸಿದ ರಾಶಿಯಲ್ಲಿ ಮಕ್ಕಳ ಅಕ್ಷರಮಾಲೆ ಪುಸ್ತಕದ ಹಾಳೆಗಳೂ ಇವೆ. ಸುಮಾರು ಸಾವಿರ ವರ್ಷ ಹಳೆಯವು. ಒಂದರಲ್ಲಿ ಮೊದಲ ಪುಟಕ್ಕೇ ಬಣ್ಣದ ದೀಪಕಂಬ ಬರೆದಿದ್ದಾರೆ. ಅದರ ಫೋಟೊ ನೋಡಿದ ಮೇಲೆ ನನ್ನ ಮೇಲು ರಟ್ಟಿನ ಬಣ್ಣಗಳನ್ನು ಇನ್ನಷ್ಟು ಗಾಢ ಮಾಡಿದೆ.

ಕತ್ತೆಯ ಪರ ಒಂದು ವಾದ

ಪುಸ್ತಕ ಕೈಗೆ ಸಿಕ್ಕ ಕೂಡಲೇ ದೊಡ್ಡವಳು ಅದನ್ನು ಹಿಂದಿನಿಂದ ತೆರೆದಳು. ಹೀಬ್ರೂ ಪುಸ್ತಕ ಹಾಗೇ ತಾನೇ ತೆರೆಯುವುದು. ಎಂಟು ಜ್ವಾಲೆ ಒಟ್ಟಿಗೆ ಕಂಡವು. ಹಾಳೆ ವಾಪಸ್ ಮಗುಚುತ್ತಾ ಹೋದಂತೆ ಏಳು, ಆರು, ಐದು. "ಕತ್ತೆ ಹೀಗೆ ಓದತ್ತೆ" ಅಂದಳು. ಬಬ್ಬಿ ನಕ್ಕು, ಕತ್ತೆಗೆ ಶಮ್ಮಾಯ್ ಪಂಥದವರ ಬೆಂಬಲ ಇದೆ ಅಂದರು.

ಹಳೇ ಯಹೂದಿ ಪಂಡಿತರ ಚರ್ಚೆಗಳ ಗ್ರಂಥ ತಾಲ್ಮುಡ್‌ನಲ್ಲಿ ಈ ಚರ್ಚೆ ನಿಜವಾಗಿಯೂ ಇದೆ. ಶಮ್ಮಾಯ್ ಪಂಥದವರು ಮೊದಲ ರಾತ್ರಿ ಎಂಟು ಹೊತ್ತಿಸಿ ದಿನಕ್ಕೊಂದು ಇಳಿಸಬೇಕು ಅಂದರು. ಹಿಲೆಲ್ ಪಂಥದವರು ಒಂದರಿಂದ ಶುರು ಮಾಡಿ ಏರಿಸಬೇಕು, ಪವಿತ್ರವಾದದ್ದರಲ್ಲಿ ಏರಬೇಕೇ ಹೊರತು ಇಳಿಯಬಾರದು ಅಂದರು. ರೂಢಿಯಲ್ಲಿ ಉಳಿದದ್ದು ಹಿಲೆಲ್ ಮಾತು. ಎರಡು ಸಾವಿರ ವರ್ಷ ಹಿಂದಿನ ಪಂಡಿತರ ವಾದದಲ್ಲಿ ನಮ್ಮ ಕತ್ತೆಯೂ ಒಂದು ಪಕ್ಷ ಹಿಡಿದಂತಾಯಿತು. ಅದಕ್ಕೇ ಕೊನೆಯ ಹಾಳೆಯಲ್ಲಿ ಅದರ ಮಾತು ಗೆಲ್ಲುವಂತೆ ಬರೆದದ್ದು ಸರಿಯಾಯಿತು ಅನ್ನಿಸಿತು:

"ಎಂಟು, ಎಂಟು, ಅಂದೆ ಅಲ್ವಾ?
ಗಂಟು ಬಿಚ್ಚಿ, ಎಲ್ಲಿ ಹಲ್ವಾ?"

ಹಲ್ವಾ ಅಂದರೆ ಬಬ್ಬಿ ಮನೆಯ ಎಳ್ಳಿನದೂ ಆಗಬಹುದು, ನಮ್ಮಮ್ಮನ ಕುಂಬಳಕಾಯಿಯದೂ ಆಗಬಹುದು. ಚಿತ್ರದಲ್ಲಿ ಎರಡೂ ತಟ್ಟೆ ಇಟ್ಟಿದ್ದೇನೆ.

ಇನ್ನೊಂದು ಪ್ರತಿ

ಹೈಫಾದಲ್ಲಿರುವ ತಮ್ಮನ ಹೆಂಡತಿಯ ಅಕ್ಕ ತನ್ನ ಮಕ್ಕಳಿಗೆ ಹೀಬ್ರೂದಲ್ಲಿ ಒಂದು ಬೇಕು ಅಂದಿದ್ದಾಳೆ, ಪದ್ಯ ಅವಳೇ ಬರೆಯುತ್ತಾಳೆ. ಚಿತ್ರದಲ್ಲಿ ಸಣ್ಣ ಬದಲಾವಣೆ ಸಾಕು. ಅಲ್ಲಿನ ಡ್ರೈಡಲ್ ಮೇಲೆ ಹೀಬ್ರೂವಿನ ಶಿನ್ ಅಕ್ಷರದ ಜಾಗದಲ್ಲಿ ಪೇ ಅಕ್ಷರ ಇರುತ್ತದೆ, ಲಟ್ಕೆಗಿಂತ ಸುಫ್ಗಾನಿಯೋತ್ ಅನ್ನುವ, ಜ್ಯಾಮ್ ತುಂಬಿ ಕರಿದ ಬನ್ನು ಜೋರು. ಕಷ್ಟ ಇರುವುದು ಕಟ್ಟುವುದರಲ್ಲಿ. ಹೊಲಿಗೆ ಬಲಕ್ಕೆ ಹೋಗುತ್ತದೆ, ಆದರೆ ಬತ್ತಿ ತುಂಬುವುದು ಆಗಲೂ ಬಲದಿಂದಲೇ. ಅಂದರೆ ಕಿಂಡಿ ಹೊಲಿಗೆ ಪಕ್ಕದಿಂದ ಶುರುವಾಗಿ ಹೊರಕ್ಕೆ ಅಗಲವಾಗಬೇಕು. ಇನ್ನೂ ಹೊತ್ತದ ಬತ್ತಿಗಳನ್ನು ಮುಚ್ಚುವ ರಟ್ಟಿನ ಭಾಗಕ್ಕೆ ಹೊಲಿಗೆಯ ಆಸರೆ ಸಿಗುವುದಿಲ್ಲ, ಅದು ಫೈಲಿನ ಕಿವಿಯ ಹಾಗೆ ಕೆಳಗಿನ ಹಾಳೆಯಿಂದ ಮೇಲಕ್ಕೆ ಚಾಚಿ ನಿಲ್ಲಬೇಕು. ಏಳನೇ ಹಾಳೆಯ ಕಿವಿ ಬರೀ 18 ಮಿ.ಮೀ. ಅಗಲ, 6 ಸೆಂ.ಮೀ. ಎತ್ತರ, ಮಕ್ಕಳ ಕೈಗೆ ಮೊದಲು ಸಿಗುವುದೇ ಅದು. ಕೊನೆಯ ಮೂರು ಹಾಳೆಗೆ 1.5 ಮಿ.ಮೀ. ರಟ್ಟು ಹಾಕಿ, ಕಿವಿಯ ಬುಡಕ್ಕೆ ಎರಡೂ ಕಡೆ ಬಟ್ಟೆ ಪಟ್ಟಿ ಅಂಟಿಸಿದ ಮಾದರಿಯೊಂದು ಈಗ ಇಟ್ಟಿಗೆ ಕೆಳಗೆ ಒಣಗುತ್ತಿದೆ. ಚಿಕ್ಕವನ ಕೈಗೆ ಕೊಟ್ಟು ಅದು ಬಾಗುತ್ತದಾ ಅಂತ ನೋಡಿದ ಮೇಲೆಯೇ ಉಳಿದ ಹಾಳೆಗಳನ್ನು ಕತ್ತರಿಸುವುದು.